ಮೆಟ್ಟಿಲಕ್ಕ ತಡೆದ ಲಾಟು

ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ; ಎಲ್ಲರಿಗೂ ಅವಳು ಮೆಟ್ಟಿಲಕ್ಕ. ಅಲ್ಲಿ ತಯಾರಾಗುತ್ತಿದ್ದದ್ದು ಬಂಡೆ ಒಡೆಯುವ ಮದ್ದಿಗೆ ಕಿಡಿ ಕೊಡುವ ಕೇಪು. ಒಮ್ಮೆ ಸಿಡಿದರೆ ಅದರ ಕತೆ ಮುಗಿಯಿತು. ಹಾಗಾಗಿ ಎಲ್ಲವನ್ನೂ ಪರೀಕ್ಷಿಸಿದರೆ ಮಾರಲು ಒಂದೂ ಉಳಿಯದು. ಒಂದೇ ಸಲಕ್ಕೆ ತಯಾರಾದ ಕೇಪುಗಳ ಪ್ರತಿ ಲಾಟಿನಿಂದ ಇಪ್ಪತ್ತು ಮಾತ್ರ ಅವಳ ಕೋಣೆಗೆ ಬರುತ್ತಿದ್ದವು. ದಪ್ಪ ಗೋಡೆಯಾಚೆ ಕೇಪಿಟ್ಟು, ಈಚೆಯಿಂದ ಹಗ್ಗ ಎಳೆದು ಅದರ ಮೇಲೆ ಕಬ್ಬಿಣದ ಗುಂಡು ಬೀಳಿಸುವುದು. ಸಿಡಿದರೆ ಮುಂದಿನ ಕೇಪಿಗೆ ಗುಂಡಿನ ಎತ್ತರವನ್ನು ಒಂದು ಮೆಟ್ಟಿಲು ಇಳಿಸುವುದು, ಸಿಡಿಯದಿದ್ದರೆ ಒಂದು ಮೆಟ್ಟಿಲು ಏರಿಸುವುದು. ಹತ್ತೊಂಬತ್ತು ವರ್ಷದ ಈ ಢಂಢಂನಲ್ಲಿ ಅವಳ ಎಡಗಿವಿ ಮುಕ್ಕಾಲು ಹೋಗಿತ್ತು. "ಬೈಯೋರು ಆ ಕಡೆ ನಿಂತು ಬೈಲಿ" ಅಂತ ನಗುತ್ತಿದ್ದಳು.

ಒಂದು ದಿನ ಬಂದ ಲಾಟು ಎಂದಿನಂತೆ ಎಂಟನೇ ಮೆಟ್ಟಿಲ ಬಳಿ ನಿಲ್ಲದೆ ಐದರ ಆಸುಪಾಸಿನಲ್ಲೇ ಸುಳಿದಾಡಿತು. ಅಂದರೆ ಎಂದಿಗಿಂತ ಸಣ್ಣ ಏಟಿಗೇ ಸಿಡಿಯುತ್ತಿತ್ತು; ಹೊರುವಾಗ ಪೆಟ್ಟಿಗೆ ಕೈಜಾರಿದರೂ ಸಿಡಿದೀತು. ಹೊರಗೆ ಲಾರಿ ಕಾಯುತ್ತಿತ್ತು. ಪೆಟ್ಟಿಗೆ ಹೊರುವವರಲ್ಲಿ ಅವಳ ತಮ್ಮನೂ ಒಬ್ಬ.

ಮ್ಯಾನೇಜರ್ ಸಿಡುಕಿದ. "ಇಪ್ಪತ್ತು ಸಾವಿರಕ್ಕೆ ಇಪ್ಪತ್ತು ಕೇಪು! ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸಿಡಿಯದೆ ಉಳಿದಿವೆಯಲ್ಲ, ಅವನ್ನೇ ಇನ್ನೊಂದು ಸಲ ಹೊಡೆದು ನೋಡಮ್ಮ."

"ಅವು ಆಗಲೇ ಏಟು ತಿಂದಿವೆ ಸಾರ್, ಇನ್ನು ಸರಿಯಾಗಿ ಸಾಕ್ಷಿ ಹೇಳಲ್ಲ. ಹೊಸವು ಹತ್ತು ಕೊಡಿ."

ಗೊಣಗುತ್ತಲೇ ಕೊಟ್ಟ. ಅವೂ ಐದನ್ನೇ ಸುತ್ತಿದವು. ಅವಳು ಬರೆದಳು: "ಮೂವತ್ತರಿಂದ ಪೂರ್ತಿ ಖಚಿತ ಹೇಳಲಾಗದು. ಆದರೂ ಈ ಲಾಟನ್ನು ಯಾರೂ ಹೊರುವುದು ಬೇಡ." ಸಹಿ ಹಾಕಿ ಮ್ಯಾನೇಜರ್ ಕೈಗೆ ಕೊಟ್ಟಳು. ಲಾರಿ ಖಾಲಿ ಹೋಯಿತು.

ತಮ್ಮ ಓಡಿಬಂದ. "ಅಕ್ಕಾ, ನನಗೋಸ್ಕರ ನಿಲ್ಲಿಸಿದ್ಯಾ? ಎಲ್ಲರೂ ಹಾಗೇ ಅಂತಿದಾರೆ."

"ನೀನು ಇವತ್ತು ರಜೆ ಹಾಕಿದ್ರೂ ಇದನ್ನೇ ಬರೀತಿದ್ದೆ ಕಣೋ."

ಎರಡು ದಿನ ಅವಳು ಆ ಮೂವತ್ತರ ಲೆಕ್ಕವನ್ನೇ ಮತ್ತೆ ಮತ್ತೆ ತಿರುವಿ ನೋಡಿದಳು. ಮೂರನೇ ದಿನ ಕೆಲಸದವರು ಮದ್ದಿನ ಪುಡಿ ಸೋಸುವ ಜಾಲರಿ ಬಿಚ್ಚಿ ನೋಡಿದರೆ ಅದು ಮೂಲೆಯಲ್ಲಿ ಹರಿದಿತ್ತು. ಪುಡಿಯಲ್ಲಿ ಸಣ್ಣ ಮರಳು ಸೇರಿತ್ತು. ಒಳಗೆ ಮರಳು ಉಜ್ಜಿದರೆ ಕೇಪಿಗೆ ಸಣ್ಣ ಪೆಟ್ಟೇ ಸಾಕು. ಲಾಟನ್ನೆಲ್ಲ ಜೋಪಾನವಾಗಿ ನಾಶಮಾಡಿದರು.

ಮ್ಯಾನೇಜರ್ ತಪ್ಪಾಯಿತು ಅನ್ನಲಿಲ್ಲ. ಅವಳ ಕೋಣೆಯ ಬಾಗಿಲಿಗೆ ಬಂದು ನಿಂತು, "ನಾನೂ ಒಂದು ಕಾಲಕ್ಕೆ ಪೆಟ್ಟಿಗೆ ಹೊತ್ತವನೇ ಕಣಮ್ಮ" ಅಂದ.

ಅವಳು ಸ್ಟೂಲನ್ನು ಅವನ ಕಡೆ ಸರಿಸಿದಳು.