ಹೆಸರು ಸವೆದ ಬೂಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ನಕಲಿ ಮನುಷ್ಯ. ಯಾರನ್ನು ಒಂದು ಗಳಿಗೆ ನೋಡಿದರೂ ಅವರ ದನಿ, ಕೆಮ್ಮು, ಎಲೆಗೆ ಸುಣ್ಣ ಹಚ್ಚುವ ಗತ್ತು ನನಗೆ ಅಂಟಿಬಿಡುತ್ತದೆ. ಸಿಕ್ಕ ನೌಕರಿಯೂ ಅಂಥದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಕಚೇರಿಗಳಲ್ಲಿ ಯಾವ ಗುಮಾಸ್ತ ರಜೆ ಹಾಕಿದರೂ ಅವನ ಕುರ್ಚಿಯಲ್ಲಿ ನಾನು ಕೂರಬೇಕು. ಅವನ ಟೇಬಲ್ಲು, ಅವನ ಮಸಿ, ಅವನ ಪಾಲಿನ ಬೈಗುಳ. ಊರವರು ನನ್ನ ಹೆಸರು ಕಲಿಯುವಷ್ಟರಲ್ಲಿ ಅವನು ಮಗಳ ಮದುವೆಯನ್ನೋ ತನ್ನ ಮೂಲವ್ಯಾಧಿಯನ್ನೋ ಮುಗಿಸಿಕೊಂಡು ಬಂದಿರುತ್ತಾನೆ. ಇನ್ನೊಬ್ಬರ ಕುರ್ಚಿಯಲ್ಲಿ ಕೂರುವವನು ಇನ್ನೊಬ್ಬರ ಬೂಟು ಹಾಕಲು ನಾಚಿಕೊಂಡಾನೆಯೇ?

ಬೂಟು ಸಿಕ್ಕಿದ್ದು ಇಂಡಿಯ ಸಂತೆಯಲ್ಲಿ. ಚಡಚಣದ ಕಡೆಯ ಹಳೆ ಸಾಮಾನಿನವನೊಬ್ಬ ಗಾಜಿಲ್ಲದ ಕಂದೀಲು, ಮುಳ್ಳಿಲ್ಲದ ಗಡಿಯಾರಗಳ ನಡುವೆ ಅವನ್ನು ಇಟ್ಟುಕೊಂಡಿದ್ದ. ಕಪ್ಪು ಬಣ್ಣ, ಮೂತಿಯ ಮೇಲೆ ಅಡ್ಡಕ್ಕೆ ಒಂದೇ ನೇರ ಹೊಲಿಗೆ, ಮುಖದಲ್ಲಿ ಮಾಮಲೇದಾರನ ಗಾಂಭೀರ್ಯ. "ಖಾಸ್ ವಿಲಾಯತಿ ಮಾಲ್ರಿ. ಹಾಕ್ಕೊಂಡ್ ಹೊಂಟ್ರ ಮಂದಿ ತಾವ ದಾರಿ ಬಿಡ್ತಾರ" ಅಂದ. ಹಾಕಿಕೊಂಡು ಹೊರಟೆ. ಮಂದಿ ದಾರಿ ಬಿಡಲಿಲ್ಲ, ಬೂಟು ಕಾಲು ಬಿಟ್ಟಿತು. ನನ್ನ ಪಾದಕ್ಕಿಂತ ಎರಡು ಬೆರಳು ದೊಡ್ಡದು. ಮೂತಿಗೆ ಹಳೆಯ ಪೇಪರು ತುರುಕಿ ಸರಿ ಮಾಡಿದೆ.

ಒಳಗೆ ಹಿಮ್ಮಡಿ ಊರುವ ಮೆತ್ತೆಯ ಮೇಲೆ ಬಂಗಾರದ ಅಕ್ಷರದಲ್ಲಿ ಮಾಡಿದವನ ಹೆಸರಿತ್ತು, ಅಥವಾ ಒಂದು ಕಾಲದಲ್ಲಿ ಇತ್ತು. ಹಿಂದೆ ತೊಟ್ಟವನ ಹಿಮ್ಮಡಿ ಅದನ್ನು ಒರೆಸಿ, 'ಅಂಡ್ ಸನ್ಸ್, ಲಂಡನ್' ಅಷ್ಟನ್ನು ಮಾತ್ರ ಬಿಟ್ಟಿತ್ತು. ಅಪ್ಪ ಅಳಿಸಿ ಹೋಗಿದ್ದಾನೆ, ಮಕ್ಕಳು ಉಳಿದಿದ್ದಾರೆ. ಎರಡೂ ಬೂಟಿನಲ್ಲಿ ಹೀಗೇ.

ಸಿಂದಗಿಯಲ್ಲಿ ನನಗೊಂದು ಬಾಡಿಗೆ ಕೋಣೆ ಇದೆ. ಮನೆಯೊಡತಿ ಗಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತರೆ, ಬೀದಿಯ ಹೊಸ್ತಿಲುಗಳ ಮುಂದಿನ ಕಾಲ್ಮರಿ, ಚಪ್ಪಲಿಗಳನ್ನು ನೋಡಿಯೇ ಯಾರ ಮನೆಗೆ ಬೀಗರು ಬಂದರು, ಯಾರ ಅಳಿಯ ಮುನಿಸಿಕೊಂಡು ಹೋದ ಎಂದು ಹೇಳಬಲ್ಲಳು. ನನ್ನ ಹೊಸ್ತಿಲ ಮುಂದೆ ವರ್ಷದಿಂದ ಒಂದೇ ಜೊತೆ ಚಪ್ಪಲಿ. ಅದನ್ನು ಓದುವಾಗ ಅವಳ ಮುಖ ಸಣ್ಣಗಾಗುವುದನ್ನು ಕಂಡಿದ್ದೆ. ಅದಕ್ಕೇ ಒಂದು ಭಾನುವಾರ ಚಪ್ಪಲಿಯ ಪಕ್ಕದಲ್ಲಿ ಬೂಟನ್ನೂ ಬಿಟ್ಟು ಬಾಗಿಲು ಮುಂದೆ ಮಾಡಿಕೊಂಡೆ. ಒಳಗೆ ಎರಡು ದನಿಯಲ್ಲಿ ಮಾತಾಡಿದೆ. ನನ್ನ ದನಿಯಲ್ಲಿ ಉಪಚಾರ, ನಮ್ಮ ಹೆಡ್ ಕ್ಲಾರ್ಕರ ದನಿಯಲ್ಲಿ ಬೇಡ ಬೇಡ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಎರಡು ಕಪ್ಪು ಚಹಾ ಬಂತು. ಎರಡನ್ನೂ ನಾನೇ ಕುಡಿದೆ. ಎರಡನೆಯದು ಆರಿತ್ತು.

ಮೂರು ದಿನ ಈ ನಾಟಕ ನಡೆಯಿತು. ನಾಲ್ಕನೆಯ ದಿನ ಒಂದೇ ಕಪ್ಪು ಬಂತು, ಜೊತೆಗೆ ಗಂಗವ್ವ.

"ಅಲ್ಲೋ ತಮ್ಮಾ, ಆ ಬೂಟು ಮೂರು ದಿನ ಆತು ಇದ್ದಲ್ಲೇ ಐತಿ. ಒಂದೀಟು ಸರದಿಲ್ಲ. ಬಂದಾವ ಏನ್ ಕಾಲಿಲ್ಲದಾವನು?"

ನಾನು ಹೆಡ್ ಕ್ಲಾರ್ಕರ ದನಿಯಲ್ಲಿ ಕೆಮ್ಮಿದೆ. ಅವಳು ನಗಲಿಲ್ಲ. ಬೂಟನ್ನು ತಿರುಗಿಸಿ ನೋಡಿ, "ಯಾರದಿದು, ಯಾರ್ ಮಾಡಿದ್ದು ಅದನ್ನರ ಕೇಳ್ಕೊಂಡ್ ಬಾ. ಹೆಸರು ಗೊತ್ತಿಲ್ಲದಾವರನ್ನ ಮನ್ಯಾಗ ಇಟ್ಕೋಬಾರದು" ಅಂದಳು. ಬೂಟಿಗೆ ಅಂದಳೋ ನನಗೆ ಅಂದಳೋ, ಹೊರಗೆ ಹೋಗಿ ನಾಲ್ಕು ಮಂದಿಯ ಜೊತೆ ಮಾತಾಡಲು ನನಗೊಂದು ನೆವ ಸಿಕ್ಕಿತು.

ಇಂಡಿಗೆ ಹೋದಾಗ ನಿವೃತ್ತ ಇಂಗ್ಲಿಷ್ ಮಾಸ್ತರರೊಬ್ಬರ ಬಾಗಿಲು ಬಡಿದೆ. ಅವರು ಭೂತಗನ್ನಡಿ ಹಿಡಿದು ಬೂಟಿನೊಳಗೆ ಇಣುಕಿ, ಆ ದೇಶದಲ್ಲಿ ಅಂಗಡಿಯೂ ಅಪ್ಪನಿಂದ ಮಕ್ಕಳಿಗೆ ಇಳಿದು ಬರುತ್ತದೆ ಎಂದು ಪಾಠ ಮಾಡಿದರು. ಹೆಸರು ಮಾತ್ರ ಹೊಳೆಯಲಿಲ್ಲ. ಬಸ್ಸಿನಲ್ಲಿ ವಾಪಸು ಬರುತ್ತ ನನಗೆ ಅನ್ನಿಸಿತು: ನಮ್ಮ ಕುಂಬಾರ ಗಡಿಗೆಯ ಮೇಲೆ ಹೆಸರು ಬರೆಯುವುದಿಲ್ಲ. ಸೋರಿದರೆ ಯಾರನ್ನು ಬೈಯಬೇಕೆಂದು ಊರಿಗೇ ಗೊತ್ತು. ಬೈಯುವವರು ದೂರವಿದ್ದಾಗ ಮಾತ್ರ ಹೆಸರು ಬರೆಯಬೇಕಾಗುತ್ತದೆ. ನನ್ನ ಟ್ರಂಕಿನ ಮೇಲೆ ನನ್ನ ಹೆಸರನ್ನು ಎಷ್ಟು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ ಎಂಬುದು ಆಗ ನೆನಪಾಯಿತು.

ಮುದ್ದೇಬಿಹಾಳದಲ್ಲಿ ಒಬ್ಬ ಮುದಿ ಫೌಜದಾರರಿದ್ದಾರೆ. ಸಾಹೇಬರ ಕಾಲದಲ್ಲಿ ಪೊಲೀಸು ನೌಕರಿ ಮಾಡಿದವರು, ಈಗ ಕಣ್ಣಿಗೆ ಪೊರೆ. ಬೂಟನ್ನು ಮೂಸಿದರು, ಅಟ್ಟೆಗೆ ಬೆರಳಿನಿಂದ ಬಡಿದರು, ಕಡೆಗೆ ಅಂಗಳದಲ್ಲಿ ನಡೆದು ತೋರಿಸೆಂದರು. ಬೂಟಿನ ಗುರುತು ಸಪ್ಪಳದಲ್ಲಿ ಇರುತ್ತದಂತೆ. ನನಗೆ ಅಷ್ಟು ಸಾಕಾಯಿತು. ಎದೆ ಉಬ್ಬಿಸಿ, ಕೈ ಹಿಂದೆ ಕಟ್ಟಿ, ನಾನೆಂದೂ ನೋಡದ ಸಾಹೇಬನೊಬ್ಬನ ಹಾಗೆ ಫರಸಿ ಕಲ್ಲಿನ ಮೇಲೆ ಟಕ್ ಟಕ್ ಎಂದು ನಡೆದೆ. ಮುದುಕರು ತಟ್ಟನೆ ಎದ್ದು ನಿಂತರು. ಕೈ ಹಣೆಗೆ ಹೋಗಿತ್ತು. ಇಂಗ್ಲಿಷರು ಹೋಗಿ ಇಪ್ಪತ್ತೈದು ವರ್ಷ ದಾಟಿದರೂ ಆ ಕೈಗೆ ಸುದ್ದಿ ಮುಟ್ಟಿರಲಿಲ್ಲ. ಇಷ್ಟು ದಿನದ ನಕಲಿಯಲ್ಲಿ ಮೊದಲ ಸಲ ನನಗೆ ನಾಚಿಕೆಯಾಯಿತು. ಅವರೇ ಕೈ ಇಳಿಸಿ, "ಹೆಸರು ಗೊತ್ತಿಲ್ಲಪಾ. ನಾವ್ ಸಾಹೇಬರ ಕಾಲು ನೋಡಾವ್ರು, ಬೂಟಿನ ಒಳಗ ನೋಡಾವ್ರಲ್ಲ. ಪತ್ತೆ ಹತ್ತಿದ್ರ ಬಂದು ಹೇಳು" ಅಂದರು. ಬಂದು ಹೇಳು ಎಂದು ನನಗೆ ಯಾರೂ ಅಂದಿರಲಿಲ್ಲ.

ಪತ್ತೆ ಹತ್ತಿದ್ದು ಬಸವನ ಬಾಗೇವಾಡಿಯಲ್ಲಿ, ಬಸ್ ನಿಲ್ದಾಣದ ಹತ್ತಿರ ಚರ್ಮದ ಕೆಲಸ ಮಾಡುವ ಹಣಮಂತಪ್ಪನ ಹತ್ತಿರ. ನಾನು ಅಲೆದ ಕಥೆ ಕೇಳಿ, ಅವನು ಬೂಟನ್ನು ಅಂಗಾತ ಮಲಗಿಸಿದ ಕೂಡಲೇ ಬೇರೆ ಮಾತೇ ಇಲ್ಲದೆ ಹೇಳಿದ:

"ಕೆಳಗಿನ ಅಟ್ಟಿ ನಂದು. ಹಿಮ್ಮಡ ನಂದು. ಈ ಹೊಲಿಗಿ ನಂದು. ಮ್ಯಾಲಿನ ತೊಗಲು, ಒಳಗಿನ ಅಟ್ಟಿ ಅಷ್ಟ ವಿಲಾಯತಿಯವರದು. ಒಬ್ಬರು ವಕೀಲರಿದ್ರು, ಮೂರು ಸಲ ಅಟ್ಟಿ ಕಟ್ಟಿಸ್ಕೊಂಡಾರ. ತೀರ್ಕೊಂಡ್ರು ಪಾಪ. ನೀವ್ ಯಾರ್ ಮಾಡಿದ್ದು ಅಂತ ಊರೂರು ಕೇಳಾಕತ್ತೀರಿ?"

ನಾನು ಅಂಡ್ ಸನ್ಸ್ ತೋರಿಸಿದೆ. ಅವನು ನಕ್ಕ. ಮೆತ್ತೆಯ ಕೆಳಗೆ, ಒಳ ಅಟ್ಟೆಯ ಚರ್ಮಕ್ಕೂ ಅದೇ ಮುದ್ರೆ ಒತ್ತಿರುತ್ತಾರಂತೆ. ಅಲ್ಲಿಗೆ ಹಿಮ್ಮಡಿ ಮುಟ್ಟುವುದಿಲ್ಲ, ಅದು ಸವೆಯುವುದಿಲ್ಲ. "ಎಬ್ಬಿಸ್ಲೇನ್ರಿ?"

ಎಬ್ಬಿಸು ಅಂದೆ. ಉಳಿಯ ತುದಿಯಿಂದ ಅವನು ಮೆತ್ತೆ ಎತ್ತಿದ. ಅಪ್ಪ ಅಲ್ಲಿದ್ದ, ಒಂದಕ್ಷರವೂ ಮುಕ್ಕಾಗದೆ. ಓದಿ ಹೇಳಿದೆ. ಹಣಮಂತಪ್ಪ "ಹೌದಾ" ಅಂದ. ಮುಂದಿನ ಚಪ್ಪಲಿ ಎತ್ತಿಕೊಂಡ. ಮಾತು ಮುಗಿಯಿತು.

ಅಷ್ಟೇ ನೋಡಿ. ತಿಂಗಳುಗಟ್ಟಲೆ ನನ್ನನ್ನು ಬಾಗಿಲಿಂದ ಬಾಗಿಲಿಗೆ ಒಯ್ದ ಹೆಸರು ಒಂದು 'ಹೌದಾ'ಕ್ಕೆ ತೀರಿಹೋಯಿತು. ಮೆತ್ತೆಗೆ ಅಂಟು ಹಚ್ಚಬೇಡ ಎಂದು ಹೇಳಿ, ಮೇಲೆ ಹಾಗೇ ಹಾಸಿಸಿಕೊಂಡು ಬಂದೆ.

ಹೋದ ವಾರ ಮುದ್ದೇಬಿಹಾಳದ ಫೌಜದಾರರು, "ಹತ್ತಿತೇನೋ ಪತ್ತೆ?" ಎಂದು ಕೇಳಿದರು. "ಇನ್ನೂ ಇಲ್ರಿ" ಅಂದೆ. ನನ್ನದೇ ದನಿಯಲ್ಲಿ ಅಂದೆ, ಆದರೂ ಅದು ಸುಳ್ಳು. ಅವರು ಕುರ್ಚಿ ಎಳೆದು ಕೊಟ್ಟು, "ಹಂಗಾರ ಕೂಡು, ವಿಚಾರ ಮಾಡೂಣು" ಅಂದರು. ಅದು ಯಾವ ಗುಮಾಸ್ತನ ಕುರ್ಚಿಯೂ ಅಲ್ಲ.

ಹೆಸರೇನೆಂದು ನೀವೀಗ ಕೇಳುತ್ತೀರಿ. ಹೇಳಿದರೆ ನೀವೂ ಹೌದಾ ಎಂದು ಪುಟ ಮಗುಚುತ್ತೀರಿ. ಅದಕ್ಕೇ ಸಿಂದಗಿಗೆ ಬನ್ನಿ, ಮೆತ್ತೆ ಎತ್ತಿ ತೋರಿಸುತ್ತೇನೆ. ಬಂದಾಗ ಚಪ್ಪಲಿಯನ್ನು ಹೊಸ್ತಿಲ ಹೊರಗೆ, ಬೀದಿಗೆ ಎದ್ದು ಕಾಣುವಂತೆ ಬಿಡಿ. ಗಂಗವ್ವ ನೋಡಬೇಕು.