ತಂಗಿಯ ಗೌನಿಗೆ ಬ್ಯಾಬಿಲೋನಿನ ಲೆಕ್ಕ

ಭಾನುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಅವ್ವನ ಹಳೆಯ ಮೊಳಕಾಲ್ಮೂರು ಸೀರೆಯನ್ನು ಕತ್ತರಿಸಿ ಆಗಿತ್ತು. ಮಂಗಳವಾರ ತಂಗಿಯ ಕಾಲೇಜಿನಲ್ಲಿ ಬೀಳ್ಕೊಡುಗೆ. ಅದಕ್ಕೊಂದು ಅಂಬ್ರೆಲಾ ಗೌನು. ನೆಲದ ಮೇಲೆ ಹರಡಿದರೆ ಅದರ ಘೇರು ಪೂರ್ತಿ ವೃತ್ತ, ಅಡ್ಡಳತೆ 210 ಸೆಂಟಿಮೀಟರ್. ಸೀರೆಯ ಅಂಚು ನೇರವಾದದ್ದು, ದುಂಡಗೆ ಬಾಗುವುದಿಲ್ಲ. ಹಾಗಾಗಿ ಸುತ್ತ ಹಚ್ಚಲು ಲೇಸ್ ಬೇಕಿತ್ತು.

ಚಳ್ಳಕೆರೆ ಪೇಟೆಯಲ್ಲಿ ಸೀರೆಯ ಗಿಳಿಹಸಿರಿಗೆ ಹೊಂದುವ ಲೇಸ್ ಮೂರನೆಯ ಅಂಗಡಿಯಲ್ಲಿ ಮಾತ್ರ ಸಿಕ್ಕಿತು, ಅದೂ ಸುರುಳಿಯ ಕೊನೆ. ಅಂಗಡಿಯವರು ಅಳೆದರೆ 657 ಸೆಂಟಿಮೀಟರ್.

"ಇಷ್ಟೇ ಐತಮ್ಮ. ಹೊಸ ಮಾಲು ಮುಂದಿನ ವಾರ. ತಗೊಂಡ್ರೆ ವಾಪಸ್ ಇಲ್ಲ."

"ಸಾಕಾಗ್ತೈತಾ ಅಕ್ಕ?" ಎಂದಳು ತಂಗಿ.

ಹಳೆಯ ನಾಗರಿಕತೆಗಳು ಪೈ ಬೆಲೆಯನ್ನು ಹೇಗೆ ಅಂದಾಜು ಮಾಡಿದವೆಂದು ನಾನು ಆ ತಿಂಗಳೆಲ್ಲ ಓದುತ್ತಿದ್ದೆ. ಸುತ್ತಳತೆ ಅಡ್ಡಳತೆಯ ಎಷ್ಟು ಪಟ್ಟು? ಬ್ಯಾಬಿಲೋನಿನವರು ದಿನನಿತ್ಯದ ಕೆಲಸಕ್ಕೆ ಮೂರು ಎನ್ನುತ್ತಿದ್ದರು. ವೃತ್ತದೊಳಗೆ ಆರು ಸಮ ಬದಿಗಳ ಆಕೃತಿ ಕೂರಿಸಿದರೆ ಅದರ ಸುತ್ತಳತೆ ಸರಿಯಾಗಿ ಮೂರು ಪಟ್ಟು. ವೃತ್ತ ಅದಕ್ಕಿಂತ ತುಸು ಉಬ್ಬಿದ್ದು. ಅದಕ್ಕಾಗಿ ಅಡ್ಡಳತೆಯ ಎಂಟನೆಯ ಒಂದು ಭಾಗ ಸೇರಿಸಿ 3.125 ಎಂದವರೂ ಅವರೇ. ಈಜಿಪ್ಟಿನವರು ಅಡ್ಡಳತೆಯಲ್ಲಿ ಒಂಬತ್ತನೆಯ ಒಂದು ಭಾಗ ಕಳೆದು, ಉಳಿದದ್ದರ ಮೇಲೆ ಚೌಕ ಕಟ್ಟಿ, ಅದನ್ನೇ ವೃತ್ತದ ವಿಸ್ತೀರ್ಣವೆಂದರು, ಅದರಿಂದ 3.16 ಬರುತ್ತದೆ. ನಮ್ಮ ದೇಶದವರು 20,000 ಅಡ್ಡಳತೆಗೆ 62,832 ಸುತ್ತಳತೆ ಎಂದರು, ಅದೂ ಹತ್ತಿರದ ಬೆಲೆ ಮಾತ್ರ ಎಂದರು.

ಮೊಬೈಲಿನಲ್ಲಿ ಗುಣಿಸಿದೆ. "ಬ್ಯಾಬಿಲೋನ್ ಪ್ರಕಾರ ಆರುನೂರ ಐವತ್ತಾರು ಕಾಲು, ಸಾಕು. ಈಜಿಪ್ಟ್ ಪ್ರಕಾರ ಆರುನೂರ ಅರವತ್ನಾಲ್ಕು. ನಮ್ಮೋರ ಪ್ರಕಾರ ಆರುನೂರ ಅರವತ್ತು, ಅದೇ ಸರಿ. ಮೂರು ಕಡಿಮೆ ಬೀಳ್ತೈತೆ."

"ಹಂಗಾರೆ ನಾವೂ ಬ್ಯಾಬಿಲೋನಿನೋರು ಅನ್ಕೊಂಡು ತಗೊಂಡೋಗಾನ," ಎಂದಳು ತಂಗಿ.

"ಅದ್ಯಾವೂರಮ್ಮ, ಬಳ್ಳಾರಿ ದಾಟಿನಾ?" ಎನ್ನುತ್ತ ಅಂಗಡಿಯವರು ಲೇಸನ್ನು ಕವರಿಗೆ ಹಾಕಿಯೇಬಿಟ್ಟರು.

ಮನೆಗೆ ಬಂದಾಗ ಕೊರತೆ ಇನ್ನೂ ಹೆಚ್ಚಿತು. ಲೇಸಿನ ಎರಡು ತುದಿ ಒಂದರ ಮೇಲೊಂದು ಕೂರಲು ಎರಡು ಸೆಂಟಿಮೀಟರಾದರೂ ಬೇಕು. ಒಟ್ಟು ಐದು ಕಡಿಮೆ.

"ಲೇಸ್ ಸಾಲದ ಆ ಸಂದು ಹಿಂದ್ಗಡೆ ಬರಂಗೆ ಹೊಲಿತೀನಿ ಬಿಡು," ಎಂದಳು ಅವ್ವ.

"ಹಿಂದಿನ ಬೆಂಚಿನೋರಿಗೆ ಕಣ್ಣಿಲ್ವಾ ಅವ್ವಾ?" ತಂಗಿಯ ಮುಖ ಸಣ್ಣದಾಯಿತು.

ಲೇಸ್ ಬೆಳೆಯುವುದಿಲ್ಲ, ವೃತ್ತ ಕುಗ್ಗಬಹುದಲ್ಲ ಎಂದು ನನಗೆ ಆಗ ಹೊಳೆಯಿತು. ಘೇರಿನ ತುದಿಯನ್ನು ಒಂದು ಸೆಂಟಿಮೀಟರ್ ಮಡಚಿದರೆ ಎರಡೂ ಬದಿ ಸೇರಿ ಅಡ್ಡಳತೆ ಎರಡು ಕಡಿಮೆ, ಸುತ್ತಳತೆ ಆ ಎರಡರ ಮೂರು ಪಟ್ಟಿನಷ್ಟು ಕಡಿಮೆ. ಅಂದರೆ ಆರು! ಬೇಕಿದ್ದದ್ದು ಐದು. ಎಂಟನೆಯ ಭಾಗವೂ ಬೇಡ, ಅರವತ್ತೆರಡು ಸಾವಿರವೂ ಬೇಡ. ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಒರಟಾದ ಆ ಮೂರೇ ಸಾಕಿತ್ತು.

"ಗಿಡ್ಡ ಆಗಲ್ವಾ?" ತಂಗಿಗೆ ಇನ್ನೂ ಅನುಮಾನ.

"ಒಂದು ಸೆಂಟಿಮೀಟರ್ರು ಕಣೇ. ಹೀಲ್ ಕಡಿಮೆದು ಹಾಕ್ಕ," ಎನ್ನುತ್ತ ಅವ್ವ ಮಷೀನು ತುಳಿದಳು.

ಸಂಜೆ ಐದೂವರೆಗೆ ಹೊಲಿಗೆ ಮುಗಿಯಿತು. ತಂಗಿ ತೊಟ್ಟುಕೊಂಡು ನಡುಮನೆಯಲ್ಲಿ ಗಿರ್ರನೆ ತಿರುಗಿದಳು.

"ಲೇಸಿನ ತುದಿ ಜೋಡಿಸಿದ್ದು ಎಲ್ಲೈತೆ ಹೇಳು ನೋಡಾನ."

ಮೂರು ಸುತ್ತು ತಿರುಗಿದಳು. ನನಗೆ ಸಿಗಲಿಲ್ಲ. ಹೊಲಿದ ಅವ್ವನೂ ಬಗ್ಗಿ ಹುಡುಕುತ್ತಿದ್ದಳು.