ಹೆಸರು ಹಿಡಿದು ಕರೆಯುವುದು

ಹೊಸ ಪುಸ್ತಕದ ಅಂಟಿನ ವಾಸನೆಯನ್ನು ಹಲವರು ಮೂಗಿಗೆ ಹಿಡಿದು ಸುಖಪಡುತ್ತಾರೆ. ನನಗೆ ಆ ವಾಸನೆ ಬಂದರೆ ಇವತ್ತಿಗೂ ಸಿಟ್ಟು ಬರುತ್ತದೆ. ಅದರ ಹಿಂದೆಯೇ ಉಚ್ಚಿಲದ ನಮ್ಮ ಮನೆ, ಅಲ್ಲಿನ ಬಚ್ಚಲೊಲೆ, ಒಲೆಗೆ ತೆಂಗಿನ ಮಡಲು ಮುರಿದು ಹಾಕುತ್ತಿದ್ದ ಗಿರಿಜಾ ದೊಡ್ಡಮ್ಮ ಕಣ್ಣ ಮುಂದೆ ಬರುತ್ತಾರೆ. ಸಂಜೆ ಮಕ್ಕಳನ್ನೆಲ್ಲ ಮೀಯಿಸುವಾಗ ಅವರು ತುಳುವಿನಲ್ಲಿ ಕಥೆ ಹೇಳುತ್ತಿದ್ದರು. ಸಮುದ್ರದ ತಳದಲ್ಲಿ ಗದ್ದೆ ಮಾಡಿದ ಹೆಂಗಸಿನ ಕಥೆ, ಗಾಳಿಗೆ ಮಗಳನ್ನು ಕೊಟ್ಟ ಮೀನುಗಾರನ ಕಥೆ. ಕೆಲವು ಅವರ ಅಮ್ಮ ಎರ್ಮಾಳಿನಲ್ಲಿ ಹೇಳಿದ್ದು, ಬಹಳಷ್ಟು ಅವರೇ ಕಟ್ಟಿದ್ದು. ಹೊಗೆ, ಹಬೆ, ಅವರ ಒದ್ದೆ ಕೈಯ ಸೀಗೆಪುಡಿಯ ಪರಿಮಳದ ನಡುವೆ ನಾವು ಮೈ ಒರೆಸಿಕೊಳ್ಳುವುದನ್ನೂ ಮರೆತು ನಿಂತಿರುತ್ತಿದ್ದೆವು. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇದ್ದಿರಬಹುದು.

ಒಂದು ಬೇಸಿಗೆಯಲ್ಲಿ ಉಡುಪಿಯಿಂದ ಒಬ್ಬ ಲೆಕ್ಚರರ್ ಟೇಪ್ ರೆಕಾರ್ಡರ್ ಹಿಡಿದು ಬರತೊಡಗಿದರು. ದೊಡ್ಡಮ್ಮ ಅವರಿಗೆ ಬಂಗುಡೆ ಸಾರು ಬಡಿಸಿ, ಕೇಳಿದಷ್ಟು ಕಥೆ ಹೇಳಿದರು. ಅದು ಪುಸ್ತಕವಾಯಿತು, ಉಡುಪಿಯಲ್ಲಿ ನಡೆಯುವ ಬಿಡುಗಡೆಗೆ ಕರೆಯೂ ಬಂತು. ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು, ಶಂಕರಪುರದ ಮಲ್ಲಿಗೆ ಮುಡಿದು, ಕಾರ್ಕಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನ್ನ ಚಿಕ್ಕಪ್ಪನ ಜತೆ ಬಸ್ಸು ಹತ್ತಿದರು. ನಾನೂ ಹೋಗಿದ್ದೆ. "ವೇದಿಕೆಗೆ ಕರೆದರೆ ನಾನು ಎಂತ ಮಾತಾಡಲಿ?" ಎಂದು ದಾರಿಯುದ್ದಕ್ಕೂ ಕೇಳಿದರು.

ಕರೆಯಲಿಲ್ಲ. ಮೈಕಿನವರಿಗೂ ಧನ್ಯವಾದ ಹೇಳಿದರು, ದೊಡ್ಡಮ್ಮನ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಪುಸ್ತಕದ ಕೊನೆಯಲ್ಲಿ ಎಷ್ಟೋ ವಿದ್ವಾಂಸರ ಹೆಸರುಗಳಿದ್ದವು. ಇವರ ಬಗ್ಗೆ ಇದ್ದದ್ದು 'ಕಾಪು ಕಡೆಯ ಒಬ್ಬ ಹೆಂಗಸು' ಎಂದಷ್ಟೇ.

ಚಿಕ್ಕಪ್ಪ ಬಾಗಿಲಲ್ಲಿ ಲೆಕ್ಚರರನ್ನು ತಡೆದು ನಿಲ್ಲಿಸಿದರು. "ನಮ್ಮ ಅತ್ತಿಗೆಯ ಹೆಸರು ಯಾಕೆ ಇಲ್ಲ?"

"ಜನಪದ ಅಲ್ವಾ ಮಾಸ್ಟ್ರೇ, ಅದಕ್ಕೆ ಯಾರ ಹೆಸರು ಹಾಕುವುದು? ಓದಿದ ಪುಸ್ತಕಗಳನ್ನೆಲ್ಲ ಆಧಾರ ಎಂದು ಹೆಸರು ಹಾಕಿ ಸೈಟ್ ಮಾಡಿದ್ದೇನೆ."

"ಸಿ-ಐ-ಟಿ-ಇ, ಸೈಟ್ ಅಂದರೆ ಎಂತ ಗೊತ್ತುಂಟಾ ನಿಮಗೆ? ಲ್ಯಾಟಿನ್ನಿನಿಂದ ಬಂದ ಶಬ್ದ ಅದು. ಮೊದಲು ಕೋರ್ಟಿಗೆ ಜನರನ್ನು ಕರೆಸುವುದಕ್ಕೆ ಹಾಗೆ ಹೇಳುತ್ತಿದ್ದರು. ಪುಸ್ತಕಕ್ಕೆ ಬಂದದ್ದು ಆಮೇಲೆ. ಹೆಸರು ಹಿಡಿದು ಕರೆಯುವುದು, ಅಷ್ಟೇ ಅದರ ಅರ್ಥ. ನೀವು ಸತ್ತವರನ್ನೆಲ್ಲ ಕರೆದಿದ್ದೀರಿ. ನಿಮಗೆ ಅನ್ನ ಹಾಕಿದವರು ಎರಡನೇ ಸಾಲಿನಲ್ಲಿ ಕೂತು ಕಾಯುತ್ತಿದ್ದರು."

"ಮುಂದಿನ ಮುದ್ರಣದಲ್ಲಿ ನೋಡುವ" ಎಂದು ಆ ಮನುಷ್ಯ ನಕ್ಕು ನಡೆದರು. ದೊಡ್ಡಮ್ಮ ಚಿಕ್ಕಪ್ಪನ ತೋಳು ಹಿಡಿದು, "ಸಾಕು, ಬಸ್ಸಿಗೆ ಹೊತ್ತಾಯಿತು" ಎಂದರು.

ಆಮೇಲೆ ಅವರು ಕಥೆ ಹೇಳಲಿಲ್ಲ. ನಾವು ಪೀಡಿಸಿದರೆ, "ಪುಸ್ತಕದಲ್ಲಿ ಉಂಟಲ್ಲ, ಓದಿಕೊಳ್ಳಿ" ಎಂದು ತಲೆಗೆ ನೀರು ಹೊಯ್ಯುತ್ತಿದ್ದರು. ಮುಂದಿನ ಮುದ್ರಣಗಳು ಬಂದವು, ಅವುಗಳಲ್ಲೂ ಅದೇ 'ಒಬ್ಬ ಹೆಂಗಸು'. ಈಗ ಮಣಿಪಾಲದಲ್ಲಿ ನಾನು ಸಂಶೋಧನೆಯ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ದೊಡ್ಡಮ್ಮ ಕಟ್ಟಿದ ಕಥೆಗಳು ಲೆಕ್ಚರರ ಹೆಸರಿನಲ್ಲಿ ಈ ವಿದ್ಯಾರ್ಥಿಗಳ ಪ್ರಬಂಧಗಳಿಗೆ ಬರುತ್ತಲೇ ಇರುತ್ತವೆ. ನಾನು ಆ ಹೆಸರನ್ನು ಹೊಡೆದುಹಾಕಿ ಪಕ್ಕದಲ್ಲಿ 'ಗಿರಿಜಾ, ಉಚ್ಚಿಲ' ಎಂದು ಬರೆಯುತ್ತೇನೆ. "ಮ್ಯಾಡಂ, ಇದಕ್ಕೆ ಆಧಾರ ಯಾವುದು?" ಎಂದು ಅವರು ಕೇಳುತ್ತಾರೆ. ಏನು ತೋರಿಸಲಿ? ಹೆದ್ದಾರಿ ಅಗಲವಾಗುವಾಗ ಮನೆ ಹೋಯಿತು, ಬಚ್ಚಲೊಲೆ ಇದ್ದಲ್ಲಿ ಲಾರಿಗಳು ಓಡುತ್ತವೆ. ದೊಡ್ಡಮ್ಮನೂ ಇಲ್ಲ, ಚಿಕ್ಕಪ್ಪನೂ ಇಲ್ಲ.

ಉಡುಪಿಗೆ ಹೋಗುವ ಹಿಂದಿನ ಸಂಜೆ ದೊಡ್ಡಮ್ಮ ಹೊಸದೊಂದು ಕಥೆ ಶುರುಮಾಡಿದ್ದರು. ಸೆರಗಿನಲ್ಲಿ ದೀಪ ಮರೆಮಾಡಿಕೊಂಡು ಹೊಳೆ ದಾಟುವ ಹುಡುಗಿಯ ಕಥೆ. ಉಳಿದದ್ದು ನಾಳೆ ಎಂದಿದ್ದರು. ಅವಳು ಆಚೆ ದಡ ಮುಟ್ಟಿದಳೋ ಇಲ್ಲವೋ, ಹೇಳುವವರು ಯಾರೂ ಉಳಿದಿಲ್ಲ.